ಹನ್ನೊಂದನೇ ಪ್ರಶ್ನೆಗೆ ನೀವು ಬರೆದ ಸುಳ್ಳು

ರೀ,

ಊಟ ಒಲೆಯ ಮೇಲಿದೆ. ಮಾತ್ರೆ ತಿಂದ ಮೇಲೆ ಗೋಡೆ ಹಿಡಿದುಕೊಂಡೇ ನಡೆಯಿರಿ, ಪೌರುಷ ತೋರಿಸಬೇಡಿ.

ಇವತ್ತು ಆಸ್ಪತ್ರೆಗೆ ಕೊಡಬೇಕಾದ ಹಾಳೆ ನೋಡಿದೆ. ‘ಎಂ.ಎಸ್. ಕಾಯಿಲೆ ಬಂದ ಮೇಲೆ ಗಂಡ ಹೆಂಡತಿ ಕೂಡುವುದಕ್ಕೆ ತೊಂದರೆಯಾಗಿದೆಯೇ?’ ಎಂಬುದು ಹನ್ನೊಂದನೇ ಪ್ರಶ್ನೆ. ನೀವು ‘ಇಲ್ಲ’ ಎಂದು ಬರೆದಿದ್ದೀರಿ. ಈ ನರದ ಕಾಯಿಲೆಯಲ್ಲಿ ಹಾಗಾಗುವುದುಂಟು, ಹೇಳಿದರೆ ಚಿಕಿತ್ಸೆ ಇದೆ ಎಂದು ಕೆಳಗೇ ಅಚ್ಚಾಗಿದೆ.

ಒಂದು ವರ್ಷದಿಂದ ಗೋಡೆಗೆ ಮುಖ ಮಾಡಿ ಮಲಗಿದಿರಿ. ಮುಟ್ಟಿದರೆ ‘ಸೆಕೆ, ಆಚೆ ಸರಿ’ ಅಂದಿರಿ. ನನಗೆ ವಯಸ್ಸಾಯಿತು ಅಂದುಕೊಂಡು ಕೂದಲಿಗೆ ಬಣ್ಣ ಹಚ್ಚಿದೆ. ಅಕ್ಕ ‘ಬೇರೆ ಯಾವಳೋ ಇರ್ಬೇಕು ಕಣೇ’ ಅಂದಳು. ಅವಳ ಮಾತು ಕಟ್ಟಿಕೊಂಡು, ಕೋಲೂರಿ ನಡೆಯುವ ಗಂಡನ ಹಿಂದೆ ಮೂರು ದಿನ ಕಳ್ಳಬೆಕ್ಕಿನ ಹಾಗೆ ಬಂದೆ. ನೀವು ಹೋಗಿ ಕೂತದ್ದು ಕ್ಷೌರದಂಗಡಿಯ ಬೆಂಚಿನ ಮೇಲೆ. ಮನೆಗೆ ಬಂದು ಕೆನ್ನೆ ಕೆನ್ನೆ ಬಡಿದುಕೊಂಡೆ.

ಕಾಯಿಲೆಯ ಬಗ್ಗೆ ನಾನು ಯಾವತ್ತೂ ಆಡಿಕೊಂಡವಳಲ್ಲ. ನಿಮ್ಮ ಮರ್ಯಾದೆ ಉಳಿಸಿಕೊಳ್ಳಲು ನನಗೆ ನನ್ನ ಮೈಯೇ ಅಸಹ್ಯವಾಗುವಂತೆ ಮಾಡಿದಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ.

ನಾಲ್ಕಕ್ಕೆ ಇಸ್ತ್ರಿ ಅಂಗಡಿಯಿಂದ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ. ಡಾಕ್ಟರ ಎದುರು ನೀವೇ ಬಾಯಿ ಬಿಡಿ. ಇಲ್ಲದಿದ್ದರೆ ನಾನು ಹೇಳುತ್ತೇನೆ. ನನ್ನ ಗಂಟಲು ಎಂಥದ್ದೆಂದು ನಿಮಗೆ ಗೊತ್ತು, ಹೊರಗೆ ಕಾಯುತ್ತಿರುವವರಿಗೂ ಕೇಳಿಸುತ್ತದೆ.

ಚಿಕಿತ್ಸೆಯಿಂದ ಗುಣವಾಗದಿದ್ದರೆ ಬೇಡ, ಬಿಡಿ. ನನ್ನ ಕೈ ಹಿಡಿದು ಮಲಗುವುದಕ್ಕೆ ಯಾವ ಔಷಧಿ ಬೇಕಾಗಿತ್ತು ನಿಮಗೆ?