ಗೋಡೆಯತ್ತ ಹೋದ ಹೆಜ್ಜೆಗಳು

ಡಿಸೆಂಬರ್ ೬, ಶನಿವಾರ ಮಧ್ಯಾಹ್ನ

ಸಿಟ್ಟಿನಲ್ಲಿದ್ದರೂ ಅಕ್ಕನೇ ಆಗಿರುವ ಅಕ್ಕನಿಗೆ,

ತಂಗಿಯ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ಎಲ್ಲರೂ ಎಂದರೆ ನಾನು, ಮೂವತ್ತನಾಲ್ಕು ಖಾಲಿ ಗಾಜಿನ ಜಾಡಿಗಳು ಮತ್ತು ನೀನು ಹೋದ ದಿನದಿಂದ ಮೇಜಿನ ಮೇಲೆ ಹಾಗೇ ಬಿದ್ದಿರುವ ನಿನ್ನ ಚಿಮಟ. ಜಾಡಿಗಳು ನಿಜಕ್ಕೂ ಕ್ಷೇಮವಾಗಿವೆ.

ಅಣ್ಣನ ಮನೆಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಪ್ರತಿ ಸಲವೂ ಅಣ್ಣನೇ ಎತ್ತಿ, "ಅವಳು ಸ್ನಾನಕ್ಕೆ ಹೋಗಿದ್ದಾಳೆ ಕಣೇ" ಅನ್ನುತ್ತಾನೆ. ಒಂಬತ್ತು ದಿನದಿಂದ ಸ್ನಾನ ಮಾಡುತ್ತಿರುವವಳು ಇಷ್ಟು ಹೊತ್ತಿಗೆ ಸೋಪಿನ ಜೊತೆ ಕರಗಿಹೋಗಿರಬೇಕಲ್ಲ ಎಂದು ಕೇಳಿದೆ. ಅವನು ನಕ್ಕ. ಅವನ ಹಿಂದೆ ಯಾರೋ ಕೆಮ್ಮಿದರು. ಆ ಕೆಮ್ಮು ಯಾರದೆಂದು ನನಗೆ ಗೊತ್ತಾಗುವುದಿಲ್ಲವೇ? ಅದಕ್ಕೇ ಕಾಗದ ಹಿಡಿದೆ. ನೀನು ಫೋನ್ ಎತ್ತದೆ ಇರಬಲ್ಲೆ, ಆದರೆ ಬರೆದದ್ದನ್ನು ಓದದೆ ಇರುವುದು ನಿನ್ನಿಂದಾಗದ ಕೆಲಸ. ಸಾಮಾನು ಕಟ್ಟಿಕೊಟ್ಟ ಹಳೇ ಪೇಪರನ್ನೂ ಬಿಡಿಸಿ, ಸವರಿ, ಓದಿಯೇ ಎಸೆಯುವವಳು ನೀನು.

ಮೊದಲು ಕೆಲಸದ ಸುದ್ದಿ. ಊಟದ ಮೇಜುಗಳ ಮೇಲಿಡಲು ಹೋಟೆಲಿನ ಮೇಡಂ ಕೇಳಿದ್ದ ನಲವತ್ತು ಜಾಡಿಗಳ ಕೆಲಸ ಸುಸೂತ್ರವಾಗಿ ನಡೆಯುತ್ತಿದೆ.

ಇಷ್ಟು ಬರೆದು ಎದ್ದುಹೋಗಿ ಚಹಾ ಕುಡಿದು ಬಂದೆ. ಸುಳ್ಳು ಬರೆಯುವಾಗ ನನ್ನ ಅಕ್ಷರ ದುಂಡಗಾಗುತ್ತದೆ ಎಂದು ನೀನೇ ಹೇಳುತ್ತಿದ್ದೆ. ಈಗ ಮೇಲಿನ ಸಾಲು ನೋಡಿದರೆ ಮುತ್ತು ಪೋಣಿಸಿದ ಹಾಗಿದೆ. ಇರಲಿ, ಸೊಟ್ಟ ಅಕ್ಷರದಲ್ಲೇ ನಿಜ ಹೇಳುತ್ತೇನೆ. ನಲವತ್ತರಲ್ಲಿ ಆರು ಆಗಿವೆ. ಆರರಲ್ಲಿ ನೋಡುವಂತಿರುವುದು ಎರಡು. ಕೊಡಬೇಕಾದದ್ದು ಇಪ್ಪತ್ತನೇ ತಾರೀಖು.

ಈ ಕಾಗದವನ್ನು ಅಣ್ಣನೂ ಓದುತ್ತಾನೆಂದು ನನಗೆ ಗೊತ್ತು. ಹದಿನೆಂಟು ವರ್ಷದಿಂದ ಅವನು, ಅಕ್ಕತಂಗಿಯರಿಬ್ಬರೂ ಸೇರಿ ಅದೇನೋ ಬಾಟಲಿ ತೊಳೆಯುತ್ತಾರೆ ಎಂದೇ ತಿಳಿದುಕೊಂಡಿದ್ದಾನೆ. ಅಣ್ಣಾ, ಇವತ್ತಾದರೂ ತಿಳಿದುಕೋ. ಜಾಡಿಯ ಮುಚ್ಚಳವನ್ನು ಅಂಗಾತ ಇಟ್ಟು ಅದರ ಮೇಲೆ ಒಂದು ಚಳಿಗಾಲ ಕಟ್ಟುತ್ತೇವೆ. ಹಿಮ ನನ್ನ ಪಾಲಿನದು. ಬಿಳಿ ಪ್ಲಾಸ್ಟರ್ ಕಲಸಿ ಸುರಿದು, ಬೆರಳಿನಲ್ಲೇ ದಿಬ್ಬ ತಗ್ಗು ಮಾಡಿ, ಬಾಣಲೆಯಲ್ಲಿ ಹುರಿದು ತೇವ ತೆಗೆದ ಉಪ್ಪನ್ನು ಹೊಳಪಿಗೆಂದು ಉದುರಿಸುತ್ತೇನೆ. (ಒಂದು ವರ್ಷ ಉಪ್ಪು ಮುಗಿದು ಸಕ್ಕರೆ ಉದುರಿಸಿದ್ದೆ. ನಮ್ಮ ಚಳಿಗಾಲಕ್ಕೆ ಇರುವೆ ಬಂತು. ಆ ಕಥೆ ಬೇಡ.) ಬಾಟಲಿ ತೊಳೆಯುವ ಬ್ರಶ್ ಕತ್ತರಿಸಿ, ಹಸಿರು ಬಳಿದು ಮರ ಮಾಡುವುದೂ ನಾನೇ. ಪ್ಲಾಸ್ಟರ್ ಇನ್ನೂ ಹಸಿಯಾಗಿರುವಾಗ ಅಕ್ಕ ಸೂಜಿಯ ಹಿಂಬದಿಯಿಂದ ಅದರ ಮೇಲೆ ಹೆಜ್ಜೆ ಗುರುತು ಒತ್ತುತ್ತಾಳೆ. ಗಟ್ಟಿಯಾದ ಮೇಲೆ, ಹೆಜ್ಜೆ ಮುಗಿದ ಕಡೆ, ರಟ್ಟಿನಲ್ಲಿ ಮಾಡಿದ ಹೆಬ್ಬೆರಳಿನಷ್ಟು ಮನೆ ಅಂಟಿಸುತ್ತಾಳೆ. ಮಾರನೆಯ ಬೆಳಗ್ಗೆ ಜಾಡಿಯನ್ನು ಬೋರಲು ಹಾಕಿ ತಿರುಪಿದರೆ ಮುಗಿಯಿತು. ವರ್ಷದ ಕೊನೆಯ ರಜೆಗೆ ಮನೆ ಸಿಂಗರಿಸುವವರು ಬಂದು ಕೊಂಡುಹೋಗುತ್ತಾರೆ. ಫ್ರಿಜ್ಜಿನೊಳಗೆ ಕಟ್ಟಿದ್ದನ್ನು ಬಿಟ್ಟರೆ ನಾವಿಬ್ಬರೂ ಬೇರೆ ಹಿಮ ಕಂಡವರಲ್ಲ. ಆದರೂ ಹಿಮದಲ್ಲಿ ನನ್ನನ್ನು ಮೀರಿಸುವವರಿಲ್ಲ ಬಿಡು. ಅದು ಮೊದಲ ದಿನವೇ ಕೈಗೆ ಹತ್ತಿದ ವಿದ್ಯೆ.

ಇನ್ನು ತಪ್ಪೊಪ್ಪಿಗೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕಥೆ ಇದು.

ನಿನ್ನ ಕೈ ನಡುಗುವುದು ನನಗೆ ಮೊದಲು ಕಂಡದ್ದು ಚಹಾ ಲೋಟದಲ್ಲಿ, ಆಮೇಲೆ ಮನೆಗಳಲ್ಲಿ. ಒಂದು ಮನೆ ಎಡಕ್ಕೆ ವಾಲಿತ್ತು. ಇನ್ನೊಂದು ಪಕ್ಕದ ಮರಕ್ಕೆ ಒರಗಿ ನಿದ್ದೆ ಹೊಡೆಯುತ್ತಿತ್ತು. ನೀನು ಬೆಳಗ್ಗೆ ವಾಕಿಂಗ್‌ಗೆ ಹೋದ ಮೇಲೆ ನಾನು ಮೇಜಿಗೆ ಕೂತು, ತೆಳು ಚಾಕುವಿನಿಂದ ಮನೆ ಎಬ್ಬಿಸಿ, ನೆಟ್ಟಗೆ ಅಂಟಿಸಿ, ನೀನು ಬರುವಷ್ಟರಲ್ಲಿ ಜಾಡಿ ತಿರುಪಿ ಇಟ್ಟುಬಿಡುತ್ತಿದ್ದೆ. ಮೊದಮೊದಲು ವಾರಕ್ಕೊಂದು, ಆಮೇಲಾಮೇಲೆ ದಿನಾ. "ಇನ್ನೂ ಕೈ ಹಿಡಿತದಲ್ಲಿದೆ ನೋಡೇ" ಎಂದು ನೀನು ಹೇಳಿದಾಗ, ಇಲ್ಲದೆ ಏನು ಎಂದು ನಾನು ತಲೆಯಾಡಿಸಿದೆ. ಇದು ಹೆಚ್ಚಬಹುದೇ ಹೊರತು ಕಡಿಮೆಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀನು ನನಗೆ ಹೇಳಲಿಲ್ಲ. ಅವರು ಬರೆದುಕೊಟ್ಟ ಚೀಟಿ ನಿನ್ನ ಚೀಲದಲ್ಲಿ ನನಗೆ ಸಿಕ್ಕಿತೆಂದು ನಾನೂ ನಿನಗೆ ಹೇಳಲಿಲ್ಲ. ಒಂದೇ ಮೇಜಿನ ಆಚೆ ಈಚೆ ಕೂತು ಇಬ್ಬರೂ ಆ ವಿಷಯ ಬಿಟ್ಟು ಊರ ವಿಷಯವನ್ನೆಲ್ಲ ಮಾತಾಡಿದೆವು.

ನೀನು ಮನೆ ಬಿಟ್ಟ ಆ ಗುರುವಾರ ಉಡುಗೊರೆ ಅಂಗಡಿಯಲ್ಲಿ ನಡೆದದ್ದನ್ನು ಕೊಡೆಯಣ್ಣನೇ ಬಂದು ಹೇಳಿದ. (ಅಣ್ಣಾ, ಆ ಅಂಗಡಿಯವನ ಹೆಸರು ಅದಲ್ಲ. ಬಿಸಿಲಿರಲಿ ಬಿಡಲಿ ಕೊಡೆ ಹಿಡಿದೇ ಬರುತ್ತಾನೆ, ಅದಕ್ಕೆ.) ನೀನು ಅಲ್ಲಿಗೆ ಹೋಗುವ ಹೊತ್ತಿಗೆ ಒಬ್ಬ ಹೆಂಗಸು ನಮ್ಮ ಜಾಡಿ ಎತ್ತಿ ಹಿಡಿದು, "ಇದೇನ್ರೀ, ಈ ಮನುಷ್ಯ ಬಾಗಿಲು ಬಿಟ್ಟು ಗೋಡೆಗೆ ಹೋಗಿ ಗುದ್ದಿದ್ದಾನೆ?" ಎಂದಳಂತೆ. "ಚಳಿಗೆ ತಲೆ ಕೆಟ್ಟಿರಬೇಕು ಬಿಡಿ" ಎಂದನಂತೆ ಇವನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ, ನೀನೊಬ್ಬಳು ನಗಲಿಲ್ಲವಂತೆ. ಅಲ್ಲಿದ್ದ ಹನ್ನೆರಡು ಜಾಡಿಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆಯಂತೆ. ಒಂಬತ್ತರಲ್ಲಿ ಹೆಜ್ಜೆಗಳು ಗೋಡೆಯ ಕಡೆಗೇ ಹೋಗಿದ್ದವು.

ನೀನು ಮನೆಗೆ ಬಂದು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ. "ನನ್ನ ಕೈ ನಡುಗಿದ್ದು ಯಾವುದು, ನಾನು ಬೇಕಂತಲೇ ಮಾಡಿದ್ದು ಯಾವುದು, ಅದೂ ಗೊತ್ತಾಗಲಿಲ್ವಾ ನಿನಗೆ?" ಎಂದು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬ್ಯಾಗು ನಿನ್ನ ಕೈಯಲ್ಲಿತ್ತು.

ಗೊತ್ತಾಗಲಿಲ್ಲ, ಅಕ್ಕ. ಬಾಗಿಲು ಒಂದು ಪಕ್ಕಕ್ಕೆ ತಿರುಗಿರುವುದೂ ಕೈ ನಡುಗಿದ್ದರಿಂದಲೇ ಎಂದುಕೊಂಡೆ. ಫೋಟೋ ತೆಗೆಯುವವನು ಎಲ್ಲರನ್ನೂ ಮುಂದಕ್ಕೆ ನೋಡಿ ಎಂದು ಕೂರಿಸುವ ಹಾಗೆ, ಎಲ್ಲ ಮನೆಗಳನ್ನೂ ಮುಂದಕ್ಕೆ ತಿರುಗಿಸಿ ಕೂರಿಸಿದೆ. ನೀನು ಹೋದ ಮೇಲೆ ಅಟ್ಟದಿಂದ ಹಳೆಯ ಜಾಡಿಗಳನ್ನು ಇಳಿಸಿದೆ, ನಿನ್ನ ಕೈ ನೆಟ್ಟಗಿದ್ದ ಕಾಲದವು. ಎಲ್ಲದರಲ್ಲೂ ಬಾಗಿಲು ಪಕ್ಕಕ್ಕೇ ಇದೆ. ನೋಡುವವರ ಕಡೆಗೆ ಒಂದೂ ಇಲ್ಲ, ನಡೆದು ಬರುವವರ ಕಡೆಗೆ ಇದೆ. ಹದಿನೆಂಟು ವರ್ಷ ಎದುರಿಗೆ ಕೂತಿದ್ದೂ ನಾನು ಇದನ್ನು ಕಂಡಿರಲಿಲ್ಲ. ನೆಲದ ಮೇಲೆ ಜಾಡಿಗಳ ಮಧ್ಯೆ ಕೂತು ಸ್ವಲ್ಪ ಅತ್ತೆ. ಆಮೇಲೆ ಧೂಳಿಗೆ ಸೀನು ಬಂದು ಅಳು ನಿಂತಿತು.

ಸರಿ, ಹೆಜ್ಜೆಯನ್ನೂ ನಾನೇ ಒತ್ತಿದರಾಯಿತು ಎಂದು ಹೊರಟೆ. ಮೊದಲ ಜಾಡಿಯಲ್ಲಿ ಕೋಳಿ ಕೆದರಿದ ಹಾಗಾಯಿತು. ಎರಡನೆಯದಕ್ಕೆ ಸ್ಕೇಲು ಇಟ್ಟು ಒತ್ತಿದೆ, ಪೊಲೀಸರ ಕವಾಯತು ನಡೆದಂತಿದೆ. ಮೊನ್ನೆ ಹೋಟೆಲಿನ ಮೇಡಂ ಬಂದಿದ್ದರು. ಆರನ್ನೂ ನೋಡಿ, "ಅಂದವಾಗೇನೋ ಇದೆ. ಆದ್ರೆ ಹಿಂದೆ ತೋರಿಸಿದ್ರಲ್ಲಾ, ಅದ್ರಲ್ಲಿ ಈಗಷ್ಟೇ ಯಾರೋ ಮನೆಯೊಳಗೆ ಹೋದ ಹಾಗಿತ್ತು. ಇದ್ರಲ್ಲಿ ಯಾರೂ ಬಂದೇ ಇಲ್ಲ" ಎಂದರು. ಈ ಸಲ ಪ್ಲಾಸ್ಟರ್ ಸರಿಯಿಲ್ಲ ಮೇಡಂ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೋಟೆಲಿನ ಕೆಲಸ ಕೈತಪ್ಪಿದರೆ ತಪ್ಪಲಿ. ನಲವತ್ತು ಜಾಡಿಗೋಸ್ಕರ ನಿನ್ನನ್ನು ಕರೆಯುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡ. ಮೇಜಿನ ಆಚೆ ಕಡೆ ಯಾರೂ ಇಲ್ಲದೆ ನನಗೆ ಕೈಯೇ ಓಡುತ್ತಿಲ್ಲ. ಬೈಯುವವರಿಲ್ಲದೆ ಚಹಾ ಕೂಡ ರುಚಿಸುತ್ತಿಲ್ಲ. ನೀನು ಬಾ. ಕೈ ನಡುಗಿದರೆ ನಡುಗಲಿ. ಮನೆ ವಾಲಿದರೆ ವಾಲಿದೆ ಎಂದು ನಿನ್ನ ಮುಖಕ್ಕೇ ಹೇಳುತ್ತೇನೆ, ನೀನು ರೇಗಿದರೆ ನಾನೂ ರೇಗುತ್ತೇನೆ. ನಿನ್ನ ಬೆನ್ನ ಹಿಂದೆ ನಿನ್ನ ಕೆಲಸ ಇನ್ನು ಮುಟ್ಟುವುದಿಲ್ಲ. ಇದೊಂದು ಸಲ ಹೊಟ್ಟೆಗೆ ಹಾಕಿಕೋ.

ಬುದ್ಧಿ ತಡವಾಗಿ ಬಂದ ನಿನ್ನ ತಂಗಿ,
ಚಿನಕುರುಳಿ

ಬಿಟ್ಟುಹೋದದ್ದು: ನಿನ್ನೆ ಕನ್ನಡಕ ಮಾಡಿಸಿಕೊಂಡೆ. ಬೇಕಾಗಿ ಎರಡು ವರ್ಷವಾಗಿತ್ತು, ಮುಖಕ್ಕೆ ಒಪ್ಪುವುದಿಲ್ಲವೆಂದು ಮುಂದೂಡುತ್ತಿದ್ದೆ. ಮನೆ ನೆಟ್ಟಗಾಗಿಸುವಾಗ ಆ ಹೆಜ್ಜೆಗಳು ಎಲ್ಲಿಗೆ ಹೋಗುತ್ತವೆಂದು ನನಗೆ ಕಾಣಿಸುತ್ತಲೇ ಇರಲಿಲ್ಲ. ಅಣ್ಣಾ, ಈ ನಾಲ್ಕು ಸಾಲು ನೀನು ಓದಬೇಡ.

*

ಡಿಸೆಂಬರ್ ೧೦, ಬುಧವಾರ

ಚಿನಕುರುಳಿಗೆ,

ಅಕ್ಕನ ಆಶೀರ್ವಾದ, ಸದ್ಯಕ್ಕೆ ಅರ್ಧ. ಉಳಿದರ್ಧ ನಿನ್ನ ಮುಖ ನೋಡಿದ ಮೇಲೆ. ಅಕ್ಷರ ಅಂಕುಡೊಂಕಾಗಿದೆ, ಹೊಸ ಕನ್ನಡಕ ಹಾಕಿಕೊಂಡು ಓದು. ತಾನು ಬರೆದುಕೊಡುತ್ತೇನೆ ಎಂದು ನಿನ್ನ ಅತ್ತಿಗೆ ಹೇಳಿದಳು. ನಾನೇ ಬರೆಯುತ್ತೇನೆ ಎಂದೆ.

ನಿನ್ನ ಕಾಗದ ಓದಿದೆ. ನಿನ್ನ ಅಣ್ಣನೂ ಓದಿದ. ಕನ್ನಡಕದ ಸಾಲುಗಳನ್ನು ಮಾತ್ರ ಎರಡು ಸಲ, ಗಟ್ಟಿಯಾಗಿ.

ನಾನು ಸಿಟ್ಟು ಮಾಡಿಕೊಂಡು ಬಂದೆ ಎಂದು ನೀನು ತಿಳಿದಿದ್ದೀಯ. ಮೊದಲ ಮೂರು ದಿನ ಸಿಟ್ಟೇ. ಆಮೇಲೆ ಇದ್ದದ್ದು ಭಯ. ಹನ್ನೆರಡರಲ್ಲಿ ಒಂಬತ್ತನ್ನು ನೀನು ಮುಟ್ಟಿದ್ದೆ. ಅದರಲ್ಲಿ ನಿಜವಾಗಿ ವಾಲಿದ್ದು ಎಷ್ಟು, ನೀನು ಸುಮ್ಮನೆ ತಿರುಗಿಸಿದ್ದು ಎಷ್ಟು, ಹೇಗೆ ತಿಳಿಯಬೇಕು? ನನ್ನ ಕೈ ಎಲ್ಲಿಯವರೆಗೆ ಕೆಟ್ಟಿದೆ ಎಂದು ನನಗೇ ತಿಳಿಯಲು ನೀನು ಬಿಟ್ಟಿರಲಿಲ್ಲ. ನಾನು ಚೆನ್ನಾಗಿಯೇ ಇದ್ದೇನೆ ಎಂದುಕೊಂಡಿದ್ದೆ ಕಣೇ. ದಿನಾ ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು ತಿರುಪಿಟ್ಟ ಜಾಡಿಗಳನ್ನು ದೂರದಿಂದಲೇ ನೋಡಿ, ಆ ಡಾಕ್ಟರಿಗೇ ತಲೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದೆ.

ಅದಕ್ಕೇ ಇಲ್ಲಿ ಪರೀಕ್ಷೆ ಮಾಡಿ ನೋಡಿದೆ. ನಿನ್ನ ಅತ್ತಿಗೆಯ ಅಡುಗೆಮನೆಯಲ್ಲಿ ಹಿಟ್ಟು ಕಲಸಿ, ತಟ್ಟೆಯಲ್ಲಿ ಹರಡಿ, ಬೆಂಕಿಪೊಟ್ಟಣದ ರಟ್ಟಿನಿಂದ ಹತ್ತು ಮನೆ ಮಾಡಿ ನಿಲ್ಲಿಸಿದೆ. ಏಳು ವಾಲಿದವು. ಕೂತು ನೋಡಿದೆ. ಏಳು ಅಂದರೆ ಏಳು. ಇನ್ನು ಮನೆ ಕಟ್ಟುವ ಕೆಲಸ ನನ್ನದಲ್ಲ. ಇದನ್ನು ಬರೆಯುವುದಕ್ಕೆ ಎರಡು ದಿನ ಬೇಕಾಯಿತು, ಕಾಗದ ತಡವಾದದ್ದು ಅದಕ್ಕೇ.

ಆಮೇಲೆ ಸೂಜಿ ತೆಗೆದುಕೊಂಡು ಹೆಜ್ಜೆ ಒತ್ತಿದೆ. ಅದು ಬಂತು. ಮೊದಲಿಗಿಂತ ಚೆನ್ನಾಗಿಯೇ ಬಂತು. ಹಿಮದಲ್ಲಿ ನಡೆಯುವವರು ಯಾರಾದರೂ ನೆಟ್ಟಗೆ ಕಾಲಿಡುತ್ತಾರಾ? ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ. ನಾನು ಇಷ್ಟು ವರ್ಷ ಕಷ್ಟಪಟ್ಟು ಮಾಡುತ್ತಿದ್ದದ್ದನ್ನು ಈಗ ಕೈ ತಾನಾಗಿಯೇ ಮಾಡುತ್ತದೆ. ನಿನ್ನ ಅಣ್ಣ ತಟ್ಟೆ ನೋಡಿ, "ಯಾರೋ ಮನೆಗೆ ಬರ್ತಿದ್ದಾರೆ" ಅಂದ. ಬಾಟಲಿ ತೊಳೆಯುವುದು ಎಂದುಕೊಂಡಿದ್ದವನು.

ಹಾಗಾಗಿ ಇನ್ನು ಮುಂದೆ ಹೆಜ್ಜೆ ನನ್ನದು, ಮನೆ ನಿನ್ನದು. ಹೆಜ್ಜೆ ಎಲ್ಲಿ ಮುಗಿಯುತ್ತದೋ ಅಲ್ಲಿ ಬಾಗಿಲು ಬರಬೇಕು, ತಿಳಿಯಿತಾ? ಮಧ್ಯಾಹ್ನದ ಬಸ್ಸಿಗೆ ಹದಿಮೂರನೇ ತಾರೀಖು ಬರುತ್ತೇನೆ. ಇಪ್ಪತ್ತಕ್ಕೆ ಇನ್ನೂ ಏಳು ದಿನ ಇರುತ್ತದೆ. ಆ ಪೊಲೀಸ್ ಕವಾಯತಿನ ಜಾಡಿಯನ್ನು ನಾನು ನೋಡುವುದಕ್ಕೆ ಮೊದಲೇ ಒಡೆದುಹಾಕು.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು: ಮೊದಲ ದಿನವೇ ಕೈಗೆ ಹತ್ತಿದ ವಿದ್ಯೆ ಎಂದು ಬರೆದಿದ್ದೀಯಲ್ಲ. ಮೊದಲ ಎರಡು ವರ್ಷ ನೀನು ಸುರಿದ ಹಿಮವೆಲ್ಲ ಬರೀ ಗಂಟುಗಂಟು. ಸಂಜೆ ನೀನು ಗೆಳತಿಯರ ಜೊತೆ ತಿರುಗಾಡಲು ಹೋದ ಮೇಲೆ ಅಷ್ಟನ್ನೂ ಕೆರೆದು ತೆಗೆದು, ಹೊಸದಾಗಿ ಕಲಸಿ ನಾನೇ ಸುರಿಯುತ್ತಿದ್ದೆ. ಮೂರನೆಯ ವರ್ಷದಿಂದ ಇದ್ದದ್ದು ನಿನ್ನದೇ, ಆಣೆ ಮಾಡಿ ಹೇಳುತ್ತೇನೆ. ಹೇಳಿದರೆ ನೀನು ಅವತ್ತೇ ಬ್ಯಾಗು ಎತ್ತಿಕೊಂಡು ಹೊರಟುಬಿಡುತ್ತೀಯ ಎಂದು ಬಾಯಿ ಬಿಟ್ಟಿರಲಿಲ್ಲ. ಈಗ ಸಿಟ್ಟು ಬಂದು ಎಲ್ಲಿಗಾದರೂ ಹೊರಡಬೇಕೆನಿಸಿದರೂ ಹದಿಮೂರರವರೆಗೆ ತಡೆದುಕೋ. ಆತುರದಲ್ಲಿ ನಾನು ಮನೆಯ ಬೀಗದ ಕೈ ತಂದಿಲ್ಲ.