ಹೆಬ್ಬೆಟ್ಟು ಮಾವನಿಗೊಂದು ಕಾರ್ಡು

ಆನಂದ ಸಂವತ್ಸರದ ಶ್ರಾವಣ. ನಿಮ್ಮ ಲೆಕ್ಕದಲ್ಲಿ ಇನ್ನೂ ಹುಟ್ಟದ 2094ನೆಯ ಇಸವಿ.

ಟಿವಿಯಲ್ಲಿ ಬಟ್ಟೆಯ ಕತ್ತೆಗೊಂಬೆಯನ್ನು ಕೈಗೆ ತೊಟ್ಟು ಆಡಿಸುವ ಹಿರಿಯರಿಗೆ ಶರಣು. ನಿಮ್ಮ ಹೆಸರು ತಿಳಿಯದು. ನನ್ನ ಕೆಲವು ಮಾತು ನಿಮಗೆ ಒಗಟಾದೀತು, ಮನ್ನಿಸಿ. ಟಿವಿ ಎಂದರೇನೆಂದು ನಮ್ಮೂರ ಮಕ್ಕಳಿಗೂ ನಾನು ಕಥೆ ಕಟ್ಟಿಯೇ ಹೇಳಬೇಕಾಯಿತು.

ನಮ್ಮ ಮನೆಗಳ ಗೋಡೆಯಲ್ಲಿ ನೆನಪುಗನ್ನಡಿ ಇರುತ್ತದೆ. ಎದುರು ಕೂತು ಹಳೆಯದನ್ನು ಹೇಳಿದರೆ ಅದು ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು. ರೊಟ್ಟಿ ತಟ್ಟುತ್ತ ತಾಯಿ ತನ್ನ ಮದುವೆ ನೋಡಿದರೆ, ಪಕ್ಕದ ಕೋಣೆಯಲ್ಲಿ ಮಗು ತಾನು ಹಿಂದೆ ಕಂಡ ಹುಲಿ ನೋಡುತ್ತದೆ. ಒಂದೇ ಕಥೆಯನ್ನು ಓಣಿಯೆಲ್ಲ ಕೂತು ನೋಡುವ ಸುಖ ನಿಮ್ಮ ಕಾಲದ್ದು.

ನಮ್ಮ ಶರಣವ್ವಜ್ಜಿಗೆ ತೊಂಬತ್ತೇಳು. ಕಣ್ಣು ದೀಪಾವಳಿಯವರೆಗೆ ಉಳಿದರೆ ಹೆಚ್ಚು ಎಂದಿದ್ದಾರೆ ವೈದ್ಯರು. ಅಷ್ಟರೊಳಗೆ ನಿಮ್ಮ ಕತ್ತೆಯನ್ನೊಮ್ಮೆ ನೋಡಬೇಕೆಂದು ಕನ್ನಡಿಯ ಮುಂದೆ ಕೂತು, ಜೋತುಬಿದ್ದ ಕಿವಿ, ಗುಂಡಿಯ ಕಣ್ಣು ಎಲ್ಲ ಹೇಳಿದಳು. ಕತ್ತೆ ಬಂತು, ಕುಣಿಯಿತು. ಅಜ್ಜಿ ಮುಖ ತಿರುಗಿಸಿದಳು.

“ಇದು ಅಲ್ಲೋ ತಮ್ಮಾ. ಇದು ಭಾಳ ಚಂದ ಐತಿ.”

ಏನು ಕಡಿಮೆಯಾಯಿತೆಂದು ಕೇಳಿದೆ. ಕತ್ತೆ ತಲೆ ಎತ್ತಿದಾಗಲೆಲ್ಲ ಕೆಳಗಿನ ಅಂಚಿನಲ್ಲಿ ನಿಮ್ಮ ಹೆಬ್ಬೆಟ್ಟು ಇಣುಕುತ್ತಿತ್ತಂತೆ; ಹೇಳಿದರೂ ಕನ್ನಡಿ ಅದನ್ನು ಕುಂದೆಂದು ಅಳಿಸಿಬಿಡುತ್ತಿತ್ತು. ಟೇಲರ್ ಹುಸೇನಪ್ಪನ ಪಡಸಾಲೆಯ ಟಿವಿ ಮುಂದೆ ಶನಿವಾರ ಸಂಜೆ ಇಪ್ಪತ್ತು ಮಕ್ಕಳು ಒತ್ತಿ ಕೂತು ಕಾಯುತ್ತಿದ್ದುದು ಅದಕ್ಕೇ. ಅದರ ಹೆಸರು ಹೆಬ್ಬೆಟ್ಟು ಮಾವ. ಕಂಡ ಕೂಡಲೇ ಎಲ್ಲರೂ ತಮ್ಮ ಹೆಬ್ಬೆಟ್ಟು ಎತ್ತಬೇಕು. ಮೊದಲು ಎತ್ತಿದವರಿಗೆ ವಾರವಿಡೀ ಮರ್ಯಾದೆ. ನಾನೂ ಕಥೆ ಹೇಳುವವನೇ. ಒಂದು ತುಂಡು ಬಟ್ಟೆಯಿಂದ ಇಪ್ಪತ್ತು ಮಕ್ಕಳನ್ನು ಕೂರಿಸುವುದು ಎಂಥ ವಿದ್ಯೆಯೆಂದು ಬಲ್ಲೆ.

ಕಾರ್ಯಕ್ರಮದ ಕೊನೆಗೆ ಮಕ್ಕಳ ಕಾರ್ಡು ಓದುತ್ತಿದ್ದಿರಲ್ಲ. ಆರು ವರ್ಷದ ಶರಣವ್ವ ಹೊಸದಾಗಿ ಕಲಿತ ಅಕ್ಷರದಲ್ಲಿ ಒಂದು ಬರೆದಳು: ‘ನಿಮ್ಮ ಹೆಬ್ಬೆಟ್ಟು ಕಾಣುತ್ತದೆ.’ ಅಷ್ಟೇ. ಮೆಚ್ಚಿದ್ದನ್ನು ಬೇರೆ ಹೇಳಬೇಕೆಂದು ಹೊಳೆಯಲಿಲ್ಲ. ಎರಡು ವಾರಕ್ಕೆ ಹೆಬ್ಬೆಟ್ಟು ಮರೆಯಾಯಿತು, ಮತ್ತೆ ಬರಲಿಲ್ಲ. ಮಾವನಿಗೆ ಜ್ವರ ಎಂದರು ಕೆಲವರು, ದುಬೈಗೆ ಹೋದ ಎಂದರು ಕೆಲವರು. ಶರಣವ್ವ ಮಾತ್ರ ಬಾಯಿ ಬಿಡಲಿಲ್ಲ, ತೊಂಬತ್ತು ವರ್ಷ.

“ದೂರು ಅಂತ ತಿಳಕೊಂಡರೋ ಏನೋ. ಚಲೋ ಕಾಣತೈತಿ ಅಂತ ಬರೀಬೇಕಾಗಿತ್ತು ನಾ.”

ನನ್ನ ಹಳೆಯ ಅಂಗಿಯ ತೋಳಿಗೆ ಎರಡು ಗುಂಡಿ ಹೊಲಿದು ಕತ್ತೆ ಮಾಡಿ, ಬೇಕೆಂದೇ ಹೆಬ್ಬೆಟ್ಟು ಹೊರಗಿಟ್ಟು ಆಡಿಸಿದೆ. ಅಜ್ಜಿ ನಕ್ಕಳು. ಆಮೇಲೆ, ಇದು ನಿನ್ನದು, ಅವರದಲ್ಲ, ಅವರಿಗೇ ಬರೆ ಎಂದಳು.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆ ನಮ್ಮಲ್ಲಿದೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಜನ ಅದನ್ನು ತೀರಿಕೊಂಡ ತಂದೆತಾಯಿಗೆ ಎತ್ತಿಡುತ್ತಾರೆ. ಶರಣವ್ವಜ್ಜಿ ತನ್ನದನ್ನು ನಿಮಗೆ ಕೊಟ್ಟಿದ್ದಾಳೆ.

ಇನ್ನು ಕೆಲವು ದಿನದಲ್ಲಿ ಸೊಟ್ಟ ಅಕ್ಷರದ ಕಾರ್ಡೊಂದು ನಿಮ್ಮ ಕೈಗೆ ಬರುತ್ತದೆ. ಅದರ ಕೊನೆಗೆ ಇನ್ನೊಂದು ಸಾಲು ಸೇರಿಸಿ ಓದಿಕೊಳ್ಳಿ: ‘ನಾವು ನೋಡುವುದೇ ಅದನ್ನು.’