ಹಿರಿಯರ ಪಾಲು

ಗದಗು, ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಹದಿನೇಳು, ಹಿರಿಯರ ಅಮಾವಾಸ್ಯೆಯ ಸಂಜೆ.

ಎಲೈ ಇನ್ನೂರು ವರ್ಷ ಹಿಂದಿನ ಸಭಿಕರೇ! ಚಾಪೆಯ ಮೇಲೆ ಕುಳಿತವರೇ, ಬೆಂಚಿನ ತುದಿಗೆ ಜಾರಿದವರೇ, ಕಂಬಕ್ಕೆ ಒರಗಿ ನಿಂತವರೇ! ಇನ್ನೂ ಹುಟ್ಟದವನೊಬ್ಬ ಕೂಗುತ್ತಿದ್ದಾನೆಂದು ಬೆಚ್ಚಬೇಡಿ. ನಾನು ನಿಜಗುಣಿ, ನಾಟಕದವನು. ನಮ್ಮ ಕಾಲದಲ್ಲಿ ಮೈಕಿಗೆ ಕೊಡುವಷ್ಟು ಕರೆಂಟಿಲ್ಲ, ಗಂಟಲೇ ಮೈಕು. ಆದಕಾರಣ ಕಾಗದದಲ್ಲೂ ಸ್ವರ ಏರಿಸಿಯೇ ಬರೆಯುತ್ತೇನೆ, ಕ್ಷಮಿಸಿ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಅದನ್ನೂ ಕ್ಷಮಿಸಿ.

ಮೊದಲು 'ಎಣಿಗಣ್ಣಿ'ನ ಸಂಗತಿ. ನಮ್ಮ ಪ್ರತಿ ಮನೆಯಲ್ಲೂ ತಲೆಬಾಗಿಲು ದಾಟಿದೊಡನೆ, ಅಂಗೈಯಗಲದ ಒಂದು ಫಲಕವಿದೆ. ಮನೆ ಈ ಗಳಿಗೆಯಲ್ಲಿ ಎಷ್ಟು ಕರೆಂಟು ಕುಡಿಯುತ್ತಿದೆ ಎಂಬುದನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಹಸಿರು ಗೆರೆಯ ಕೆಳಗಿದ್ದರೆ ನೆಮ್ಮದಿ. ಮೇಲೇರಿತೋ, ಇಡೀ ಓಣಿಯ ದೀಪ ಮಂಕಾಗಿ ನೆರೆಯವರು ಸೊಂಟಕ್ಕೆ ಕೈಯಿಟ್ಟು ಹೊರಗೆ ಬರುತ್ತಾರೆ. ಹೀಗಾಗಿ ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಈ ಕಣ್ಣನ್ನು ಓದಲು ಕಲಿಯುತ್ತವೆ. ತವೆ ಕಾದೊಡನೆ ಸ್ವಿಚ್ಚು ಆರಿಸಿ, ಉಳಿದ ಕಾವಿನಲ್ಲೇ ಕೊನೆಯ ರೊಟ್ಟಿ ಬೇಯಿಸುವುದು ನಮ್ಮ ಹೆಂಗಸರ ಕೈಚಳಕ. ಫ್ರಿಜ್ಜು ಎಚ್ಚೆತ್ತು ಅಂಕಿ ಜಿಗಿದರೆ 'ತಣ್ಣವ್ವ ಎದ್ದಳು' ಎನ್ನುತ್ತೇವೆ. ನಿಮ್ಮ ಕಾಲದಲ್ಲೂ ಈ ಕಣ್ಣಿತ್ತಂತೆ! ಅದನ್ನು ತಂದು ಜಡಿದು, ನಾಲ್ಕು ದಿನ ಕೋಣೆ ಕೋಣೆ ತಿರುಗಿ ಫ್ಯಾನು ಆರಿಸಿ, ಆಮೇಲೆ ಅದರ ಮೇಲೊಂದು ಕ್ಯಾಲೆಂಡರು ನೇತುಹಾಕಿದಿರಂತೆ. ಭಲೆ!

ಈಗ ಕೇಳಿ. ಎಲ್ಲ ಆರಿಸಿದರೂ ನಮ್ಮ ಮನೆಗಳ ಕಣ್ಣು ಸೊನ್ನೆಗೆ ಇಳಿಯುವುದಿಲ್ಲ. ಯಾರೂ ಉರಿಸದ ಏನೋ ಒಂದು ಒಳಗೊಳಗೇ ಕುಡಿಯುತ್ತಲೇ ಇರುತ್ತದೆ. ನಾವು ಅದನ್ನು 'ಹಿರಿಯರ ಪಾಲು' ಎಂದು ಕರೆದು ಕೈಮುಗಿದೆವು. ಈ ಅಮಾವಾಸ್ಯೆಯಂದು ಮನೆಯ ಎಲ್ಲ ಸ್ವಿಚ್ಚು ಆರಿಸಿ, ಎಣಿಗಣ್ಣಿನ ಮುಂದೆ ಎಡೆಯಿಟ್ಟು, ಮಿಡುಕುವ ಆ ಅಂಕಿಯನ್ನು ನೋಡುತ್ತ ಕೂರುವುದು ಪದ್ಧತಿ. ಸತ್ತವರು ಉಣ್ಣುತ್ತಿದ್ದಾರೆ ಎಂದು ನಂಬಿಕೆ. "ನಮ್ಮತ್ತಿ ಇದ್ದಾಗೂ ಹಿಂಗ, ಸತ್ತರೂ ಹಿಂಗ. ಉಣ್ಣಾಕ ಮಾತ್ರ ಮುಂದ!" ಎಂದು ಪಕ್ಕದ ಮನೆಯ ಹೂವಕ್ಕ ಪ್ರತಿ ವರ್ಷ ನಗಿಸುತ್ತಾಳೆ.

ನಮ್ಮ ಮನೆಯಲ್ಲಿ ನಗು ನಿಂತು ಬಹಳ ಕಾಲವಾಯಿತು. ನಮ್ಮ ಮಗಳು ಚಂಪವ್ವ ದೂಳುಜ್ವರದಲ್ಲಿ ಹೋದಳು. ಚಿಕ್ಕವಳಾದರೂ ಹಿರಿಯರ ಪಂಕ್ತಿ ಸೇರಿದವಳು. ಅಂದಿನಿಂದ ನನ್ನ ಹೆಂಡತಿ ಕಾಶವ್ವ ಅಮಾವಾಸ್ಯೆಗೂ ಕಾಯುವುದಿಲ್ಲ. ದಿನವೂ ಕಣ್ಣಿನ ಮುಂದೆ ಕೂರುತ್ತಾಳೆ. ಅಂಕಿ ನಡುಗಿದರೆ ಸಾಕು, "ನೋಡ್ರೀ, ಉಣ್ಣಾಕತ್ತಾಳ" ಎಂದು ನನ್ನ ತೋಳು ಹಿಡಿಯುತ್ತಾಳೆ.

ಅದೇ ದೂಳು ಈಗ ಕಾಶವ್ವನ ಎದೆಯಲ್ಲಿ ಕೂತಿದೆ. ಉಸಿರು ಕೊಡುವ ಯಂತ್ರವುಂಟು. ಆದರೆ ಅದು ಹಗಲಿರುಳು ನಡೆಯಬೇಕು. ಎಲ್ಲ ಆರಿಸಿದಾಗ ಯಾವ ಮನೆಯ ಕಣ್ಣು ಹಸಿರು ಗೆರೆಯ ಕೆಳಗೆ ಅದಕ್ಕೆ ಜಾಗ ಬಿಡುತ್ತದೋ ಆ ಮನೆಗೆ ಮಾತ್ರ ಯಂತ್ರ. ನಮ್ಮ ಮನೆಯಲ್ಲಿ ಆ ಜಾಗವನ್ನು ಹಿರಿಯರು ಹಿಡಿದಿದ್ದಾರೆ.

ಇಂದು ಮಧ್ಯಾಹ್ನ ಎಡೆಯಿಡಲು ಎಲ್ಲ ಆರಿಸಿದ್ದಾಗ, ನಾನು ಫ್ಯೂಜುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಅಡುಗೆಮನೆಯದು ಕಿತ್ತೆ, ಅಂಕಿ ಅಲುಗಲಿಲ್ಲ. ಪಡಸಾಲೆಯದು ಕಿತ್ತೆ, ಅಲುಗಲಿಲ್ಲ. ಹಿಂದಿನ ಕೋಣೆಯದು ಕಿತ್ತೆ. ಸೊನ್ನೆ! ಆ ಕ್ಷಣವೇ ಕಣ್ಣಿನ ಮುಂದೆ ಕುಳಿತಿದ್ದ ಕಾಶವ್ವ ಚೀರಿದಳು: "ಏನ್ರೀ! ಆಕೀನ್ನ ಯಾಕ ಆರಿಸಿದ್ರಿ?"

ಸಭಿಕರೇ, ರಂಗದ ಮೇಲೆ ರಾಕ್ಷಸರಿಗೂ ಸೋಲದ ನಾನು ಆ ಒಂದು ಕೂಗಿಗೆ ಸೋತೆ. ಫ್ಯೂಜು ಮರಳಿ ಹಾಕಿದೆ. ಅಂಕಿ ಮಿಡುಕಿತು. ಆಕೆ ಕೆಮ್ಮುತ್ತಲೇ ನಕ್ಕಳು.

ಆಕೆ ಮಲಗಿದ ಮೇಲೆ ಹಿಂದಿನ ಕೋಣೆಯ ಗೋಡೆಗೆ ಕಿವಿಯಿಟ್ಟೆ. ಒಳಗೆ ಗುಂಯ್ ಎಂಬ ಸದ್ದು. ಗಾರೆ ಕೆದರಿದೆ. ನಿಮ್ಮ ಕಾಲದ ಒಂದು ಕರಿ ಡಬ್ಬಿ, ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಯಾವುದಕ್ಕೆ ತಂದದ್ದೋ, ಯಾರು ಆರಿಸಲು ಮರೆತು ಗೋಡೆ ಕಟ್ಟಿದರೋ! ಇಷ್ಟು ಕಾಲ ಹೇಗೆ ಬದುಕಿತೋ ಬಲ್ಲವರಿಲ್ಲ. ಅಂಗೈಯಿಟ್ಟೆ. ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿತ್ತು. ಹೌದು, ಹಿರಿಯರೇ ಉಣ್ಣುತ್ತಿದ್ದರು. ನೀವು!

ಆದ್ದರಿಂದ ಬೇಡಿಕೊಳ್ಳುತ್ತೇನೆ: ಆ ಕ್ಯಾಲೆಂಡರು ಸರಿಸಿರಿ. ಮನೆಯೆಲ್ಲ ಆರಿಸಿ ಕಣ್ಣನ್ನು ನೋಡಿರಿ. ಆಗಲೂ ಕುಡಿಯುತ್ತಿರುವುದು ಯಾವುದೆಂದು ಹುಡುಕಿ, ಗೋಡೆಯೊಳಗೆ ಸೇರುವ ಮುನ್ನ ಕಿತ್ತುಹಾಕಿರಿ. ಅದಕ್ಕೆ ನಾವು ಸತ್ತ ಮಕ್ಕಳ ಹೆಸರಿಡದಂತೆ ನೋಡಿಕೊಳ್ಳಿರಿ.

ನಾಳೆ ಬೆಳಿಗ್ಗೆ, ಕಾಶವ್ವ ಮುಖ ತೊಳೆದು ವಿಭೂತಿ ಇಟ್ಟುಕೊಂಡ ಮೇಲೆ, ಆಕೆಯ ಕೈಹಿಡಿದು ಆ ಗೋಡೆಯ ಬಳಿಗೆ ಕರೆದೊಯ್ಯುತ್ತೇನೆ. ಆ ಬಿಸಿಯ ಮೇಲೆ ಆಕೆಯ ಅಂಗೈ ಇಡಿಸುತ್ತೇನೆ. ಆಕೆಗೆ ಬೇಕಾದಷ್ಟು ಹೊತ್ತು ಇಟ್ಟುಕೊಂಡಿರಲಿ. ಆಮೇಲೆ ತಂತಿ ಕೀಳುತ್ತೇನೆ. ಕಣ್ಣು ಸೊನ್ನೆಗೆ ಇಳಿದೊಡನೆ ನಮ್ಮ ಚಂಪವ್ವನಿಗೆ, ಮೈಕಿಲ್ಲದೆ, ಓಣಿಗೆಲ್ಲ ಕೇಳುವಂತೆ ಮಂಗಳ ಹಾಡುತ್ತೇನೆ.